ಟೀಚರಿಗೆ ಏನು ಕೊಡಬೇಕೆಂದು ಮಕ್ಕಳನ್ನೂ ಕೇಳಿ

ಮಾನ್ಯ ಸಂಪಾದಕರೇ,

ಶಿಕ್ಷಕರ ದಿನದ ಸಂಜೆ ಮಗ ಶಾಲೆಯಿಂದ ಬಂದವನು ಚೀಲ ಇಡುವ ಮೊದಲೇ ಕೇಳಿದ: "ಅಮ್ಮ, ಟೀಚರಿಗೆ ಕೊಟ್ಟ ಕಾರ್ಡಿನಲ್ಲಿ ನನ್ನ ಹೆಸರು ಯಾಕಿಲ್ಲ?" ನಾನು ಏನೋ ಹೇಳಿ ಸಮಾಧಾನ ಮಾಡಿದೆ. ನನಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇನೆ. ಮಗ ನಾಲ್ಕನೇ ಕ್ಲಾಸು. ಆಗಸ್ಟ್ ಕೊನೆಯಲ್ಲಿ ಪೋಷಕರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಕ್ಲಾಸ್ ಟೀಚರಿಗೆ ರೇಷ್ಮೆ ಸೀರೆ, ಬೆಳ್ಳಿ ದೀಪ. ಒಂದು ಮಗುವಿಗೆ 500 ರೂಪಾಯಿ. ಮೂರು ದಿನದೊಳಗೆ ಕಳುಹಿಸಬೇಕು. 32 ಮಕ್ಕಳ ಪಟ್ಟಿಯನ್ನು ದಿನಕ್ಕೆರಡು ಸಲ ಹಾಕುತ್ತಿದ್ದರು, ಕೊಟ್ಟವರ ಹೆಸರಿನ ಮುಂದೆ ಹಸಿರು ಗುರುತು. ಗುರುತಿಲ್ಲದ ಹೆಸರುಗಳು ಕಡಿಮೆಯಾದಷ್ಟೂ ಹೆಚ್ಚು ಎದ್ದು ಕಾಣುತ್ತಿದ್ದವು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ, ಹಾಗಾಗಿ ಬ್ಲೌಸ್ ಹೊಲಿಗೆಯೂ ಇಲ್ಲ. ಅಷ್ಟಮಿ, ಚೌತಿಗೆಂದು ಬಂದ ಕೆಲಸದ ದುಡ್ಡು ಕೈಗೆ ಬರುವಾಗ ತಡವಾಗುತ್ತದೆ. ಪಕ್ಕದ ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಸಾಲದಲ್ಲೇ ಕಳೆಯುತ್ತಾರೆ. ಬೋಟು ಕಡಲಿಗಿಳಿದ ಕೂಡಲೇ ಆ ಸಾಲ ತೀರುವುದಿಲ್ಲ. ಅವರ ಮಗಳೂ ಇದೇ ಕ್ಲಾಸು. ನಾನು ಎರಡು ದಿನ ತಡವಾಗಿ ದುಡ್ಡು ಕಳುಹಿಸಿದೆ, ಅವರಿಗೆ ಕಳುಹಿಸಲು ಆಗಲಿಲ್ಲ. ಕಾರ್ಡಿನಲ್ಲಿ ಎರಡೂ ಮಕ್ಕಳ ಹೆಸರಿಲ್ಲ.

ಗ್ರೂಪಿನವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಟೀಚರ ಮೇಲಿನ ಪ್ರೀತಿಯಿಂದಲೇ ಓಡಾಡಿ ಎಲ್ಲ ಮಾಡಿದ್ದಾರೆ. ಆದರೆ ಅಷ್ಟು ಮೆಸೇಜುಗಳಲ್ಲಿ ಒಬ್ಬರೂ, "ಮಕ್ಕಳನ್ನು ಒಮ್ಮೆ ಕೇಳುವ, ಟೀಚರಿಗೆ ಏನು ಬೇಕಾದೀತು" ಎಂದು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ದಿನಕ್ಕೆ ಆರು ಗಂಟೆ ಅವರನ್ನು ನೋಡುವವರು ಮಕ್ಕಳಲ್ಲವೇ?

ಸೀರೆಯ ವಿಷಯ ಬಂದ ಕಾರಣ ಹೇಳುತ್ತೇನೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಹಲವು ಟೀಚರುಗಳು ಉಡುಗೊರೆಯ ಸೀರೆ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ. ಫಾಲ್ ಹಚ್ಚಬೇಕು, ಕುಚ್ಚು ಕಟ್ಟಬೇಕು, ಲೈನಿಂಗ್ ಬ್ಲೌಸ್ ಹೊಲಿಸಬೇಕು. ಆ ಖರ್ಚು ಅವರದ್ದೇ. "ಇಷ್ಟು ಭಾರದ ಸೀರೆ ಉಟ್ಟು ಪಾಠ ಮಾಡ್ಲಿಕ್ಕೆ ಆಗುದಿಲ್ಲ, ಆದ್ರೆ ಒಮ್ಮೆಯಾದ್ರೂ ಉಡದಿದ್ರೆ ಕೊಟ್ಟವರಿಗೆ ಬೇಜಾರಾಗ್ತದೆ" ಎಂದು ಒಬ್ಬರು ಹೇಳಿದ್ದು ಇನ್ನೂ ನೆನಪುಂಟು. ಸೀರೆಯೇ ಕೊಡಬೇಕೆಂದಿದ್ದರೆ ನಮ್ಮದೇ ಉಡುಪಿ ಕೈಮಗ್ಗದ ಹತ್ತಿ ಸೀರೆ ಇಲ್ಲವೇ? ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಸೀರೆ ಅದು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಈಗಲೂ ನೇಯುತ್ತಾರೆ. ಹಗುರ, ಸೆಕೆಗೂ ಒಳ್ಳೆಯದು. ಸರ್ಕಾರಿ ಶಾಲೆಯ ಶಿಕ್ಷಕರಿಗಂತೂ ಉಡುಗೊರೆ ತೆಗೆದುಕೊಳ್ಳಲು ನಡತೆ ನಿಯಮಗಳಲ್ಲೇ ಮಿತಿ ಇದೆ. ಬೆಲೆಬಾಳುವ ವಸ್ತು ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು.

ಮಗ ಜುಲೈಯಲ್ಲೇ ಒಂದು ಮಾತು ಹೇಳಿದ್ದ. "ಟೀಚರ ಚೀಲದ ಹಿಡಿ ಹರಿದಿದೆ, ಸೇಫ್ಟಿ ಪಿನ್ ಹಾಕಿದ್ದಾರೆ. ನಮ್ಮ ಕಾಪಿ ಪುಸ್ತಕ ಒದ್ದೆ ಆಗ್ತದೆ ಅಂತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಹೋಗ್ತಾರೆ." ನಾನು ಹೆಮ್ಮಿಂಗ್ ಮಾಡುತ್ತಾ ಹೂಂ ಅಂದೆ, ಅಷ್ಟೇ. ಕಾರ್ಡಿನ ಸಂಗತಿ ಆದ ಮೇಲೆ ಅದು ನೆನಪಾಯಿತು. ಅಂಗಡಿಯಲ್ಲಿ ದಪ್ಪ ಕ್ಯಾನ್ವಾಸ್ ಬಟ್ಟೆ ಉಳಿದಿತ್ತು. ಅದರಲ್ಲಿ ಟೀಚರಿಗೆ ಒಂದು ಚೀಲ ಹೊಲಿಯುವ, ಒಳಗೆ ನೀರು ಇಳಿಯದ ಹಾಗೆ ಕೊಡೆ ಬಟ್ಟೆಯ ಲೈನಿಂಗ್ ಕೊಡುವ ಎಂದೆ. ಅಳತೆ ತೆಗೆದವನು ಮಗ. ತನ್ನ ಹಳೆ, ಹೊಸ ಕಾಪಿಗಳನ್ನೆಲ್ಲ ಕಟ್ಟಿಂಗ್ ಮೇಜಿನ ಮೇಲೆ ಎರಡು ಸಾಲಾಗಿ ಪೇರಿಸಿದ, ಸಾಲದ್ದಕ್ಕೆ ಪಕ್ಕದ ಮನೆಯ ಹುಡುಗಿಯದ್ದೂ ತಂದ. 32 ಆಗುವವರೆಗೆ ಬಿಡಲಿಲ್ಲ. ಹಿಡಿಯ ಪಟ್ಟಿಯನ್ನು ಬಾಯಿಯ ಹತ್ತಿರ ನಿಲ್ಲಿಸದೆ ಚೀಲದ ಅಡಿಯವರೆಗೆ ಸುತ್ತಿ ತಂದು ಹೊಲಿದೆ. ಹಾಗೆ ಹೊಲಿದರೆ ಭಾರವೆಲ್ಲ ಅಡಿಪಟ್ಟಿಯ ಮೇಲೆ ನಿಲ್ಲುತ್ತದೆ, ಹಿಡಿ ಕಿತ್ತು ಬರುವುದಿಲ್ಲ.

ಒಳಗೆ ಹೆಸರು ಬರೆಯಲಾ ಎಂದು ಕೇಳಿದ. ತನ್ನದು ಬರೆಯುತ್ತಾನೆ ಅಂದುಕೊಂಡೆ. ಲೈನಿಂಗಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ 32 ಮಕ್ಕಳ ಹೆಸರನ್ನೂ ಬರೆದ, ಹಾಜರಿ ಕರೆಯುವ ಕ್ರಮದಲ್ಲಿ, ಯಾವ ಚೀಟಿಯನ್ನೂ ನೋಡದೆ. ಬಟ್ಟೆ ಸುಕ್ಕಾದಲ್ಲಿ ಅಕ್ಷರ ಸೊಟ್ಟಗಾಗಿವೆ, ಒಂದು ಹೆಸರಿನ ಒತ್ತಕ್ಷರ ತಪ್ಪಿದೆ. ನಾನು ತಿದ್ದಲು ಹೋಗಲಿಲ್ಲ.

ಸರ್ವಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತಾಕ್ಕೆ ಹೊರಟಾಗ ಅವರ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅವರ ಹುಟ್ಟಿದ ದಿನವನ್ನೇ 1962ರಿಂದ ಶಿಕ್ಷಕರ ದಿನವಾಗಿ ಆಚರಿಸುತ್ತಿದ್ದೇವೆ. ಆ ಸಾರೋಟು ಎಳೆದವರು ವಿದ್ಯಾರ್ಥಿಗಳು, ಅವರ ತಂದೆತಾಯಿ ಅಲ್ಲ.

ಶಾಲೆಗಳಲ್ಲಿ ನನ್ನ ವಿನಂತಿ ಇಷ್ಟು: ಜೂನಿನಲ್ಲಿ ನಡೆಯುವ ಮೊದಲ ಪೋಷಕರ ಸಭೆಯಲ್ಲೇ ದುಡ್ಡು ಒಟ್ಟು ಮಾಡಬಾರದೆಂದು ಹೇಳಿಬಿಡಿ. ಒಟ್ಟು ಮಾಡುವುದೇ ಆದರೆ ಯಾರು ಎಷ್ಟು ಕೊಟ್ಟರೆಂದು ಗ್ರೂಪಿನಲ್ಲಿ ಹಾಕಬೇಡಿ, ಕಾರ್ಡಿನಲ್ಲಿ ಎಲ್ಲ ಮಕ್ಕಳ ಹೆಸರೂ ಇರಲಿ. ಪೋಷಕರಲ್ಲಿ ಕೇಳಿಕೊಳ್ಳುವುದು, ಅಂಗಡಿಗೆ ಹೋಗುವ ಮೊದಲು ಮಗುವನ್ನು ಹತ್ತಿರ ಕೂರಿಸಿ, ಟೀಚರ್ ಏನು ಇಷ್ಟಪಡುತ್ತಾರೆ, ಯಾವುದಕ್ಕೆ ಕಷ್ಟಪಡುತ್ತಾರೆ ಎಂದು ಕೇಳಿ. ಶಂಕರಪುರದ ಒಂದು ಹುಡುಗಿ ಈ ಸಲ ತಾನೇ ಬಾಳೆನಾರಿನಲ್ಲಿ ಕಟ್ಟಿದ ಒಂದು ತುಂಡು ಮಲ್ಲಿಗೆ ತಂದಿದ್ದಳಂತೆ. ಕಟ್ಟು ಸಡಿಲವಾಗಿ ದಾರಿಯಲ್ಲೇ ಅರ್ಧ ಮೊಗ್ಗು ಉದುರಿದ್ದವಂತೆ. ಉಳಿದದ್ದನ್ನು ಟೀಚರ್ ಸಂಜೆವರೆಗೂ ಮುಡಿದಿದ್ದರು ಎಂದು ಮಗ ಹೇಳಿದ.

ಮೊನ್ನೆ ಮಂಗಳವಾರ ಜೋರು ಮಳೆ. ಬಸ್‌ಸ್ಟ್ಯಾಂಡಿನಲ್ಲಿ ಟೀಚರನ್ನು ಕಂಡೆ. ಒಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ಆ ಚೀಲ. ಕೈಯಲ್ಲಿ ತೊಟ್ಟೆ ಇರಲಿಲ್ಲ.

— ಒಬ್ಬ ತಾಯಿ, ಕಟಪಾಡಿ