ಕಣದ ಗಾತ್ರ ಹೇಳಿದರೆ ಸಾಲದು, ಗಡಿಯ ಸ್ವರೂಪವನ್ನೂ ಹೇಳಬೇಕು

ಸಂಪಾದಕರಿಗೆ,

ಮಾನ್ಯರೇ,

ಲೋಹದ ತುಂಡೊಂದು ಬರಿಗಣ್ಣಿಗೆ ಒಂದೇ ಅಖಂಡವಾಗಿ ಕಂಡರೂ ಅದು ಒತ್ತೊತ್ತಾಗಿ ಕೂಡಿದ ಪುಟ್ಟ ಹರಳುಗಳಿಂದ ಆಗಿರುತ್ತದೆ; ಒಂದೊಂದು ಹರಳೂ ಒಂದು ಕಣ (ಗ್ರೇನ್). ಲೋಹಗಳ ಬಗೆಗಿನ ಜನಪ್ರಿಯ ಬರಹಗಳು ‘ಕಣ ಸಣ್ಣದಾದಷ್ಟೂ ಲೋಹ ಗಟ್ಟಿ’ ಎಂಬ ಮಾತಿಗೇ ಹೆಚ್ಚಾಗಿ ನಿಂತುಬಿಡುತ್ತವೆ. ಲೋಹವಿಜ್ಞಾನಿಗಳಾದ ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ತೋರಿಸಿಕೊಟ್ಟ ಈ ನಂಟು ನಿಜವೇ. ಕಣದ ವ್ಯಾಸ ಕಾಲುಭಾಗಕ್ಕೆ ಇಳಿದರೆ ಗಡಿಗಳಿಂದ ಬರುವ ಬಲದ ಪಾಲು ಇಮ್ಮಡಿಯಾಗುತ್ತದೆ. ಆದರೆ ಕಣದ ಗಾತ್ರ ಒಂದೇ ಇರುವ ಎರಡು ತಗಡುಗಳಲ್ಲಿ ಒಂದು ಆಮ್ಲದಲ್ಲಿ ಪುಡಿಯಾಗಿ ಇನ್ನೊಂದು ಉಳಿಯುವುದೇಕೆ? ಅದಕ್ಕೆ ಉತ್ತರ ಕಣಗಳ ನಡುವಿನ ಗಡಿಯಲ್ಲಿದೆ. ಗ್ರೇನ್ ಬೌಂಡರಿ ಎನ್ನುವ ಈ ಗಡಿಯಲ್ಲಿ ಪರಮಾಣುಗಳು ಹೇಗೆ ಹೊಂದಿಕೊಂಡಿವೆ, ಅಲ್ಲಿ ಯಾವ ಧಾತು ಬಂದು ಸೇರಿದೆ ಎಂಬುದನ್ನು ನೋಡಲೇಬೇಕು.

304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ತೆಗೆದುಕೊಳ್ಳಿ. ವೆಲ್ಡಿಂಗ್ ಮಾಡುವಾಗ ಬೆಸುಗೆಯಿಂದ ತುಸು ದೂರದ ಪಟ್ಟಿಯೊಂದು ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯುತ್ತದೆ. ಆಗ ಕಾರ್ಬನ್ ಗಡಿಗೆ ಸರಿದು ಕ್ರೋಮಿಯಂ ಜೊತೆ ಕಾರ್ಬೈಡ್ ಆಗುತ್ತದೆ. ಗಡಿಯ ಅಕ್ಕಪಕ್ಕದಲ್ಲಿ ಕ್ರೋಮಿಯಂ ಶೇ 12ಕ್ಕಿಂತ ಕೆಳಗಿಳಿಯುತ್ತದೆ. ಕ್ರೋಮಿಯಂನಿಂದಲೇ ಮೇಲ್ಮೈಯಲ್ಲಿ ಉಂಟಾಗುವ ರಕ್ಷಣಾ ಪದರ ಅಲ್ಲಿ ನಿಲ್ಲುವುದಿಲ್ಲ. ಮೇಲ್ಮೈ ಹೊಳೆಯುತ್ತಿದ್ದರೂ ಒಳಗೆ ಗಡಿಗುಂಟ ಸವೆತ ಸಾಗಿ ಕಣಗಳು ಉದುರುತ್ತವೆ. ಕಾರ್ಬನ್ ಶೇ 0.03 ಮೀರದ 304ಎಲ್, ಟೈಟಾನಿಯಂ ಇರುವ 321 ಅಥವಾ ನಿಯೋಬಿಯಂ ಇರುವ 347 ದರ್ಜೆಯ ಸ್ಟೀಲ್ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕಾರ್ಬೈಡ್ ಈಗಾಗಲೇ ಕೂತಿದ್ದರೆ ಸುಮಾರು 1050 ಡಿಗ್ರಿಗೆ ಕಾಯಿಸಿ ಥಟ್ಟನೆ ನೀರಿನಲ್ಲಿ ತಣಿಸಬೇಕು. ದಪ್ಪ ತುಂಡನ್ನು ಗಾಳಿಯಲ್ಲಿ ನಿಧಾನವಾಗಿ ಆರಲು ಬಿಟ್ಟರೆ ಅದು ಮತ್ತೆ ಅದೇ ತಾಪಮಾನಗಳನ್ನು ಹಾದುಬರುತ್ತದೆ, ಮಾಡಿದ ಕೆಲಸ ವ್ಯರ್ಥ.

ಎಲ್ಲ ಗಡಿಗಳೂ ಹೀಗೆ ಸೋಲುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಎರಡು ಕಣಗಳು ಕನ್ನಡಿಬಿಂಬದಂತೆ ಕೂಡಿದ ಅವಳಿ ಗಡಿಯಲ್ಲಿ ಪರಮಾಣುಗಳು ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಹೊಂದಿಕೆ ಕೆಟ್ಟಷ್ಟೂ ಗಡಿಯಲ್ಲಿ ಹೆಚ್ಚುವರಿ ಶಕ್ತಿ (ಎನರ್ಜಿ; ಗಟ್ಟಿತನವಲ್ಲ) ಹೆಚ್ಚು. ತಾಮ್ರದಲ್ಲಿ ಅವಳಿ ಗಡಿಯ ಈ ಶಕ್ತಿ ಚದರ ಮೀಟರಿಗೆ ಸುಮಾರು 24 ಮಿಲಿಜೂಲ್. ಸಾಮಾನ್ಯ ಗಡಿಯದು 600ಕ್ಕೂ ಹೆಚ್ಚು. ಆದ್ದರಿಂದ ಅವಳಿ ಗಡಿಯಲ್ಲಿ ಕಾರ್ಬೈಡ್ ಕೂರುವುದೂ ತಡ, ಬಿರುಕು ಸಾಗುವುದೂ ಕಷ್ಟ. ಲೋಹವನ್ನು ಕಾಯಿಸದೆಯೇ ರೋಲರ್‌ಗಳ ನಡುವೆ ಸ್ವಲ್ಪವೇ ಉರುಳಿಸಿ, ಸ್ವಲ್ಪ ಹೊತ್ತು ಕಾಯಿಸಿ, ಇದನ್ನು ಕೆಲವು ಬಾರಿ ಪುನರಾವರ್ತಿಸಿದರೆ ಅವಳಿ ಗಡಿಗಳ ಪಾಲು ಏರುತ್ತದೆ. ಅತಿಯಾಗಿ ಉರುಳಿಸಿದರೆ ಕಾಯಿಸುವಾಗ ಹೊಸ ಕಣಗಳೇ ಹುಟ್ಟಿ ಎಲ್ಲೆಡೆ ಸಾಮಾನ್ಯ ಗಡಿಗಳು ತುಂಬಿಕೊಳ್ಳುತ್ತವೆ.

‘ವಿಶೇಷ ಗಡಿ (ಅವಳಿ ಗಡಿಯಂಥ ಬಿಗಿ ಹೊಂದಿಕೆಯವು) ಇಷ್ಟು ಶೇಕಡ’ ಎಂಬ ವರದಿಯನ್ನೂ ಹಾಗೆಯೇ ನಂಬಬಾರದು. ಉಳಿದ ದುರ್ಬಲ ಗಡಿಗಳು ಒಂದಕ್ಕೊಂದು ಕೂಡಿಕೊಂಡು ಅಖಂಡ ಜಾಲವಾಗಿದ್ದರೆ ಸವೆತಕ್ಕೆ ದಾರಿ ತೆರೆದೇ ಇರುತ್ತದೆ. ಆ ಜಾಲ ತುಂಡಾಗಿದೆಯೇ ಎಂದು ಕೇಳಬೇಕು. ಅಳತೆ ಇಬಿಎಸ್‌ಡಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಬಿಂದುವಿನಲ್ಲೂ ಕಣದ ದಿಕ್ಕನ್ನು ಗುರುತಿಸಿ ನಕ್ಷೆ ಮಾಡುವ) ವಿಧಾನದ್ದಾದರೆ, ಅಳತೆಯ ಬಿಂದುಗಳ ಅಂತರ ಕಣದ ವ್ಯಾಸದ ಹತ್ತನೇ ಒಂದರಷ್ಟಾದರೂ ಸಣ್ಣದಿರಬೇಕು. ವಜ್ರದ ಪಾಲಿಶ್‌ಗೇ ಕೆಲಸ ನಿಲ್ಲಿಸಿದರೆ ಮೇಲ್ಪದರದ ಹಾನಿ ಉಳಿದು ಚಿತ್ರ ಮಸುಕಾಗುತ್ತದೆ. ಕೊನೆಗೆ ಕೊಲಾಯ್ಡಲ್ ಸಿಲಿಕಾ (ದ್ರವದಲ್ಲಿ ತೇಲುವ ಅತಿ ಸೂಕ್ಷ್ಮ ಸಿಲಿಕಾ ಪುಡಿ) ಪಾಲಿಶ್ ಬೇಕು. ಇನ್ನೊಂದು ವಿಷಯ: ಗಡಿಯನ್ನು ಪೂರ್ತಿ ಗುರುತಿಸಲು ಐದು ಅಳತೆ ಬೇಕು, ಕಣಗಳ ಪರಸ್ಪರ ತಿರುವಿಗೆ ಮೂರು, ಗಡಿಯ ಸಮತಲಕ್ಕೆ ಎರಡು. ಕತ್ತರಿಸಿದ ಒಂದೇ ಮೈಯ ನಕ್ಷೆ ಸಮತಲವನ್ನು ನೇರವಾಗಿ ಹೇಳುವುದಿಲ್ಲ.

ಸೆರಾಮಿಕ್‌ನಲ್ಲಂತೂ ಕೆಲವೊಮ್ಮೆ ಗಡಿಯೇ ಸಾಧನ. ಸಿಡಿಲಿನಂಥ ಮಿತಿಮೀರಿದ ವೋಲ್ಟೇಜ್ ತಡೆಯುವ ಸತು ಆಕ್ಸೈಡ್ ವೇರಿಸ್ಟರ್‌ನಲ್ಲಿ ಪ್ರತಿ ಸಕ್ರಿಯ ಗಡಿಯೂ ಸುಮಾರು 3 ವೋಲ್ಟ್ ತಾಳುತ್ತದೆ. 10 ಮೈಕ್ರಾನಿನ ಕಣಗಳಿದ್ದರೆ 1 ಮಿಲಿಮೀಟರ್ ದಪ್ಪದಲ್ಲಿ 100 ಗಡಿ, ಅಂದರೆ ಹೆಚ್ಚೆಂದರೆ 300 ವೋಲ್ಟ್. ಸುಡುವಾಗ ಕಣಗಳು ಒಂದೆಡೆ ಹೆಚ್ಚು ಬೆಳೆದರೆ ಅಲ್ಲಿ ಗಡಿಗಳು ಕಡಿಮೆಯಾಗಿ, ಕರೆಂಟ್ ಆ ದಾರಿಯಲ್ಲೇ ನುಗ್ಗಿ, ಬಿಲ್ಲೆ ಬಿಸಿಯಾಗಿ ಸೀಳುತ್ತದೆ. ಇನ್ನೊಂದು ಸೆರಾಮಿಕ್ ಆದ ಸಿಲಿಕಾನ್ ನೈಟ್ರೈಡ್‌ನ ಕಥೆ ಬೇರೆ. ಅದನ್ನು ಗಟ್ಟಿಯಾಗಿ ಸುಡಲು ಬೆರೆಸಿದ ಆಕ್ಸೈಡ್ ಗಡಿಯಲ್ಲಿ ಸುಮಾರು 1 ನ್ಯಾನೋಮೀಟರಿನ ಗಾಜಿನ ಪೊರೆಯಾಗಿ ಉಳಿಯುತ್ತದೆ. ಕೋಣೆಯ ತಾಪದಲ್ಲಿ ದಕ್ಕುವ ಬಲ, ಆ ಗಾಜು ಮೆತ್ತಗಾಗುವ ತಾಪದಲ್ಲಿ ದಕ್ಕುವುದಿಲ್ಲ.

ಹೊಸ ವಸ್ತುವಿನ ಸುದ್ದಿ ಬರೆಯುವವರು ಕಣದ ಸರಾಸರಿ ಗಾತ್ರದ ಜೊತೆಗೆ ಗಡಿಯ ಬಗೆ, ಅಲ್ಲಿ ಸೇರಿದ ಧಾತು, ಪರೀಕ್ಷೆಯ ತಾಪಮಾನ ಇವನ್ನೂ ದಯವಿಟ್ಟು ಬರೆಯಲಿ.

ಇಂತಿ,
ಲೋಹಶಾಸ್ತ್ರ ಬಲ್ಲ ಓದುಗರೊಬ್ಬರು