ಬಣ್ಣ ಆಮೇಲೆ, ಮೊದಲು ನಂಬರು ನೋಡಿ

ಮಾನ್ಯ ಸಂಪಾದಕರೇ,

ಮಾರಾಟಕ್ಕಿರುವ ಹಳೆಯ ಅಮೆರಿಕನ್ ಕಾರುಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೊಗಳೇನೋ ಚೆನ್ನಾಗಿದ್ದವು. ಆದರೆ ಪ್ರತಿ ಕಾರಿನ ಕೆಳಗೆ ಡಾಲರ್ ಬೆಲೆ, ಅದರ ರೂಪಾಯಿ ಲೆಕ್ಕ, ಬಣ್ಣದ ವರ್ಣನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಕಾರು ಯಾವ ಎಂಜಿನ್ ಹೊತ್ತು ಕಾರ್ಖಾನೆಯಿಂದ ಹೊರಬಿತ್ತು, ಯಾರ್‍ಯಾರ ಕೈ ದಾಟಿ ಬಂತು ಎನ್ನುವ ಮಾತು ಒಂದಕ್ಕೂ ಇಲ್ಲ. ಊರಲ್ಲಿ ಎರಡೆಕರೆ ಅಡಿಕೆ ತೋಟ ಕೊಳ್ಳುವವನು ಪಹಣಿ, ಮ್ಯುಟೇಷನ್ ನೋಡದೆ ಅಡ್ವಾನ್ಸ್ ಕೊಡುತ್ತಾನೆಯೇ? ಇಲ್ಲಿ ಅಮೆರಿಕದಲ್ಲಿ ಐವತ್ತು ಸಾವಿರ ಡಾಲರಿನ ಕಾರನ್ನು ಬರೀ ಹೊಳಪು ನೋಡಿ ಮನೆಗೆ ತರುವವರಿದ್ದಾರೆ. ಅಂಥವರಲ್ಲಿ ನಮ್ಮ ಕನ್ನಡದ ಹುಡುಗರೂ ಇರುವುದರಿಂದ ಈ ಪತ್ರ.

ನಾನು ಚೆನ್ನಾಗಿ ಬಲ್ಲದ್ದು ಫೋರ್ಡ್ ಮಸ್ಟಾಂಗ್, ಅದರದೇ ಉದಾಹರಣೆ ಕೊಡುತ್ತೇನೆ. 1964ರ ಏಪ್ರಿಲ್ 17ರಂದು ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ 2,368 ಡಾಲರ್. ಮಾರುವವರು ಜಾಹೀರಾತಿನಲ್ಲಿ ‘1964½’ ಎಂದು ಹಾಕಿಕೊಳ್ಳುತ್ತಾರೆ. ಫೋರ್ಡ್ ಮಾತ್ರ ಅವಕ್ಕೆಲ್ಲ 1965ರ ಮಾದರಿ ಎಂದೇ ನಂಬರು ಕೊಟ್ಟಿತು. ಬಾನೆಟ್ ಎತ್ತಿದರೆ ಚಾಲಕನ ಬದಿಯ ಫೆಂಡರ್ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅಲ್ಲಿ, ಒಳಗಿನ ತಗಡಿನ ಮೇಲೆ ಪಂಚ್ ಹೊಡೆದ, ಕಾರಿನ ಗುರುತಿನ ನಂಬರು ಕಾಣುತ್ತದೆ. ಟಾರ್ಚ್ ಬಿಟ್ಟು ಒಂದೊಂದೇ ಅಕ್ಷರ ಓದಬೇಕು.

ನಮ್ಮೂರು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿರುವ ಬಿಳಿ ಕನ್ವರ್ಟಿಬಲ್‌ನ ನಂಬರು 5ಎಫ್08ಎಫ್100001. ಮೊದಲ 5 ಎಂದರೆ 1965ರ ಮಾದರಿ. ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ. 08 ಕನ್ವರ್ಟಿಬಲ್. ಎರಡನೆಯ ಎಫ್, 260 ಕ್ಯೂಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಉಳಿದದ್ದು ಕ್ರಮಸಂಖ್ಯೆ, ಅದೂ ಒಂದನೆಯದು! ಪ್ರದರ್ಶನಕ್ಕೆಂದು ಕಳಿಸಿದ್ದ ಈ ಕಾರನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಡೀಲರ್ ಒಬ್ಬರು ಸ್ಟ್ಯಾನ್ಲಿ ಟಕರ್ ಎಂಬ ವಿಮಾನದ ಕ್ಯಾಪ್ಟನ್‌ಗೆ ಮಾರಿಬಿಟ್ಟರು. ಫೋರ್ಡ್ ವಾಪಸ್ ಕೇಳಿದರೆ ಆಸಾಮಿ ಜಗ್ಗಲಿಲ್ಲ. ಬೇಕಾದಷ್ಟು ಓಡಿಸಿ, ಕೊನೆಗೆ 1966ರಲ್ಲಿ ಹತ್ತು ಲಕ್ಷದನೆಯ ಮಸ್ಟಾಂಗ್ ಕೊಟ್ಟ ಮೇಲೆಯೇ ಬಿಟ್ಟುಕೊಟ್ಟರು. ಒಂದು ಸಾಲಿನ ನಂಬರಿನ ಹಿಂದೆ ಇಷ್ಟು ಕಥೆ ಇರುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಮುಖ್ಯವಾದದ್ದು ಐದನೆಯ ಅಕ್ಷರ. ಟಿ ಇದ್ದರೆ ಆರು ಸಿಲಿಂಡರ್, 120 ಅಶ್ವಶಕ್ತಿ. ಎ ಇದ್ದರೆ 289ರ ವಿ8, 225 ಅಶ್ವಶಕ್ತಿ. ಕೆ ಇದ್ದರೆ ಅದೇ 289, ಆದರೆ 271 ಅಶ್ವಶಕ್ತಿ. ಬೆಲೆ ಗಗನಕ್ಕೇರುವುದು ಇದಕ್ಕೇ. ಜಿಟಿ ಎಂಬ ಸ್ಪೋರ್ಟಿ ಪ್ಯಾಕೇಜನ್ನು ಫೋರ್ಡ್ 1965ರ ಮಾದರಿಯಲ್ಲಿ ಎ ಮತ್ತು ಕೆ ಎಂಜಿನ್‌ಗಳಿಗೆ ಮಾತ್ರ ಕೊಟ್ಟಿತ್ತು.

ಹಾಸನದ ಕಡೆಯ ಹುಡುಗನೊಬ್ಬ ಇಲ್ಲೇ ಮಿಷಿಗನ್‌ನ ನೋವೈ ಊರಿನಲ್ಲಿದ್ದಾನೆ. ‘ಅಂಕಲ್, 65ರ ಜಿಟಿ ತಗೊಂಡೆ, ಬಂದು ನೋಡಿ’ ಎಂದು ಫೋನ್ ಮಾಡಿದ. ಹೋದೆ. ಕೆಂಪು ಬಣ್ಣ, ಗ್ರಿಲ್‌ನಲ್ಲಿ ಎರಡು ಫಾಗ್ ಲ್ಯಾಂಪ್, ಬಾಗಿಲ ಕೆಳಗೆ ಬಿಳಿ ಪಟ್ಟೆ, ಎಲ್ಲ ಸೊಗಸಾಗಿಯೇ ಇತ್ತು. ಚಕ್ರದ ಹತ್ತಿರ ಕೂತು ನಟ್ ಎಣಿಸಿದೆ: ನಾಲ್ಕು. ವಿ8 ಮಸ್ಟಾಂಗ್‌ಗೆ ಐದು ಇರಬೇಕು, ನಾಲ್ಕು ಇರುವುದು ಆರು ಸಿಲಿಂಡರಿನದಕ್ಕೆ. ಬಾನೆಟ್ ಎತ್ತಿಸಿದೆ. ಒಳಗೆ ಕೂತಿದ್ದು ವಿ8. ಕಚ್ಚಿನಲ್ಲಿ ಕಂಡ ಐದನೆಯ ಅಕ್ಷರ ಟಿ. ಬಾಗಿಲಿನ ಮೇಲಿನ, ನಂಬರು ಹೊಡೆದ ತಗಡಿನ ಬಿಲ್ಲೆ ಮಾತ್ರ ಫಳಫಳ ಹೊಸದು. ಬೇಕಾದ ಅಕ್ಷರ ಹೊಡೆಸಿ ತರಿಸಿಕೊಳ್ಳಬಹುದಾದ ಬಿಲ್ಲೆ ಅದು. ಮಾರಿದವನನ್ನು ಕೇಳಿದರೆ, ‘ಬಿಲ್ಲಿನಲ್ಲಿ ಎಲ್ಲಾದರೂ ಜಿಟಿ ಅಂತ ಬರೆದಿದ್ದೇನಾ?’ ಎಂದನಂತೆ. ಬರೆದಿರಲಿಲ್ಲ. ದುಡ್ಡು ಹೋಗಿದ್ದಲ್ಲದೆ, ಹಗುರ ಎಂಜಿನ್‌ಗೆಂದು ಮಾಡಿದ ಸಣ್ಣ ಬ್ರೇಕಿನ ಮೇಲೆ ಭಾರದ ವಿ8 ಕೂರಿಸಿದ್ದ ಕಾರಿನಲ್ಲಿ ಆ ಹುಡುಗ ಹೆಂಡತಿ ಮಗುವಿನೊಂದಿಗೆ ಹೈವೇಯಲ್ಲಿ ಓಡಾಡಿದ್ದ. ಅಂದಹಾಗೆ ನಿಮ್ಮ ಲೇಖನದ ಮೂರನೆಯ ಫೋಟೊದಲ್ಲಿರುವ ನೀಲಿ ‘ಜಿಟಿ’ಯ ಚಕ್ರವನ್ನೂ ಒಮ್ಮೆ ದೊಡ್ಡದು ಮಾಡಿ ನೋಡಿ.

ಇನ್ನೊಂದು ಪರೀಕ್ಷೆಗೆ ಒಂದು ಬಾಟಲಿ ನೀರು ಸಾಕು. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಕಿಂಡಿಗೆ ಸುರಿದು, ಒಳಗೆ ಕಾಲಿಡುವ ಜಾಗದ ಕಾರ್ಪೆಟ್ ಮುಟ್ಟಿ ನೋಡಬೇಕು. ಒದ್ದೆಯಾದರೆ ಒಳಗಿನ ತಗಡು ತುಕ್ಕು ಹಿಡಿದು ತೂತಾಗಿದೆ ಎಂದರ್ಥ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಮಿಷಿಗನ್‌ನಲ್ಲಿ ಬಾಳಿದ ಕಾರಿಗೂ ಅರಿಜೋನಾದ ಒಣ ಹವೆಯಲ್ಲಿದ್ದ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸವಿರುವುದು ಅದಕ್ಕೇ. ‘ಮೂವತ್ತು ಸಾವಿರ ಮೈಲಿ ಮಾತ್ರ’ ಎಂಬ ಮಾತನ್ನಂತೂ ನಂಬಬೇಡಿ. ಆ ಕಾಲದ ಮೀಟರಿಗೆ ಐದೇ ಅಂಕಿ, 99,999 ದಾಟಿದರೆ ಮತ್ತೆ ಸೊನ್ನೆ.

ಷೆವರ್ಲೆಯವರದು ಇನ್ನೂ ಕಷ್ಟ. 1969ರ ಕಮಾರೊ ನಂಬರು ವಿ8 ಹೌದೋ ಅಲ್ಲವೋ ಎನ್ನುವುದನ್ನಷ್ಟೇ ಹೇಳುತ್ತದೆ, ಎಸ್‌ಎಸ್ ಅಥವಾ ಜಡ್/28 ಎಂಬ ಹೆಚ್ಚು ಶಕ್ತಿಯ ಆವೃತ್ತಿಯೇ ಎನ್ನುವುದನ್ನು ಹೇಳುವುದಿಲ್ಲ. ಹಾಗಾಗಿ ಕಾಗದ ಪತ್ರವೇ ಗತಿ. ವಾರಂಟಿ ಪುಸ್ತಕಕ್ಕೆ ಅಂಟಿಸಿ ಕೊಡುತ್ತಿದ್ದ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಲೋಹದ ಚೀಟಿ ಸಿಕ್ಕರೆ ಅದೃಷ್ಟ. ಕೆಲವೊಮ್ಮೆ ಸೀಟಿನ ಸ್ಪ್ರಿಂಗಿನಡಿ ಸಿಕ್ಕಿಕೊಂಡ ಬಿಲ್ಡ್ ಶೀಟ್, ಅಂದರೆ ಕಾರಿಗೆ ಏನೇನು ಹಾಕಬೇಕೆಂಬ ಕಾರ್ಖಾನೆಯ ಪಟ್ಟಿ ಸಿಗುತ್ತದೆ, ಇಲಿ ತಿನ್ನದೆ ಉಳಿಸಿದ್ದರೆ. 1967ರಿಂದೀಚಿನ ಫೋರ್ಡ್‌ಗಾದರೆ ಫೋರ್ಡ್ ಕಂಪನಿಯ ದಾಖಲೆ ನೋಡಿ ತಯಾರಿಸುವ ಮಾರ್ಟಿ ರಿಪೋರ್ಟ್ ತರಿಸಬಹುದು. ತರಿಸಲು ಒಲ್ಲೆ ಎನ್ನುವವನ ಹತ್ತಿರ ವ್ಯಾಪಾರ ಬೇಡ.

ಆರು ಸಿಲಿಂಡರಿನದಕ್ಕೆ ವಿ8 ಹಾಕಿ, ‘ಇದು ಕ್ಲೋನ್’ ಎಂದು ಹೇಳಿಯೇ ಮಾರಿದರೆ ನನ್ನ ಅಭ್ಯಂತರವಿಲ್ಲ, ಓಡಿಸಲು ಮಜವಾಗಿಯೇ ಇರುತ್ತದೆ. ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಒಂದೊಂದು ಸುಳ್ಳು ಜಿಟಿ ತಯಾರಾದಾಗಲೂ ಯಾರೋ ಕಂತು ಕಟ್ಟಿ ಕೊಂಡು, ವರ್ಷಗಟ್ಟಲೆ ಕೆಲಸಕ್ಕೆ ಓಡಿಸಿದ ಒಂದು ನಿಜವಾದ ಕಾರು ಇಲ್ಲವಾಗುತ್ತದೆ. ಹಾಲಿವುಡ್‌ನ ‘ಬುಲಿಟ್’ ಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ 34 ಲಕ್ಷ ಡಾಲರ್‌ಗೆ ಹೋಯಿತಲ್ಲ, ಅದನ್ನು ಒಂದು ಕುಟುಂಬ 1974ರಲ್ಲಿ 6,000 ಡಾಲರ್ ಕೊಟ್ಟು ಕೊಂಡಿತ್ತು. ಮನೆಯೊಡತಿ ಶಾಲೆಯ ಶಿಕ್ಷಕಿ. ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರು. 1977ರಲ್ಲಿ ಮೆಕ್ವೀನ್ ಪತ್ರ ಬರೆದು ಕೇಳಿದರೂ ಅವರು ಕೊಡಲಿಲ್ಲ. ಹೊಸ ಬಣ್ಣ ಬಳಿಸಿ ಹೊಳಪು ಮಾಡಿಸುವ ಗೋಜಿಗೂ ಹೋಗಲಿಲ್ಲ. ಹರಾಜಿಗೆ ಬಂದಾಗ ಮಾಸಿದ ಹಳೇ ಮೈಯಲ್ಲೇ ಬಂತು, ಆ ಪತ್ರವೂ ಜೊತೆಗಿತ್ತು.

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಬೆಲೆಯ ಪಕ್ಕದಲ್ಲಿ ಎಂಜಿನ್ ಕೋಡ್ ಮತ್ತು ಕೈಗೆ ಸಿಕ್ಕಿದ ದಾಖಲೆಗಳ ವಿವರ ಕೊಡಿ. ಕೋಟಿ ರೂಪಾಯಿಯ ಹರಾಜುಗಳ ನಡುವೆ ಒಂದಾದರೂ ಟಿ ಅಕ್ಷರದ, ಮೂರು ಗೇರಿನ, ಮೊದಲ ಮಾಲೀಕರ ಸರ್ವಿಸ್ ಬಿಲ್ಲುಗಳ ಸಮೇತ ಸಿಗುವ ಸಾದಾ ಮಸ್ಟಾಂಗ್‌ಗೆ ಜಾಗ ಇರಲಿ. ಬೆಲೆಯೂ ಸಂಬಳದವರ ಕೈಗೆಟುಕುವಂತಿರುತ್ತದೆ, ಬಿಡಿಭಾಗಗಳೂ ಧಾರಾಳವಾಗಿ ಸಿಗುತ್ತವೆ.

— ನಿವೃತ್ತ ಟೂಲ್‌ರೂಮ್ ಇನ್‌ಸ್ಪೆಕ್ಟರ್, ಡಿಯರ್‌ಬಾರ್ನ್, ಮಿಷಿಗನ್
(ಮೂಲ ಊರು ಭದ್ರಾವತಿ)