ಸ್ಪಂಜು ಕೊಟ್ಟ ಆ ಸಹಾಯಕಿಗೆ

ಮೂರು ವರ್ಷದ ಮಗನನ್ನು ಸೇರಿಸುವ ಮುನ್ನ ಮಾಂಟೆಸ್ಸರಿ ತರಗತಿಯೊಂದನ್ನು ನೋಡಲು ಹೋಗಿದ್ದಾಗ, ನನ್ನ ಕೈ ಬಿಡದೆ ಅಳುತ್ತಿದ್ದ ಅವನು, ನೀರು ಸುರಿಯುವ ಅಭ್ಯಾಸಕ್ಕೆಂದು ಇಟ್ಟಿದ್ದ ಪುಟ್ಟ ಹೂಜಿಯನ್ನು ಎಳೆದು ನೆಲವೆಲ್ಲ ಒದ್ದೆ ಮಾಡಿದನು. ನಾನು ನಾಚಿಕೆಯಿಂದ ಗದರಲು ಬಾಯಿ ತೆರೆಯುವಷ್ಟರಲ್ಲಿ ತಾವು ಅವನ ಎದುರು ನೆಲದ ಮೇಲೆ ಕುಳಿತು, ಅಂಗೈಯಗಲದ ಸ್ಪಂಜೊಂದನ್ನು ಅವನ ಕೈಗಿತ್ತು, ಮತ್ತೊಂದರಿಂದ ನಿಧಾನವಾಗಿ ಒರೆಸಿ ತೋರಿಸಿದಿರಿ. ಒಂದು ಮಾತೂ ಆಡಲಿಲ್ಲ. ಅವನು ಬಿಕ್ಕುತ್ತಲೇ ಒರೆಸಿದನು, ಹಿಂಡಿದನು, ಮತ್ತೆ ಒರೆಸಿದನು. (ಮನೆಯಲ್ಲಿ ಅವನು ಚೆಲ್ಲಿದ್ದನ್ನೆಲ್ಲ ನಾನೇ ಒರೆಸುತ್ತಿದ್ದೆ.) ಬಳಿಕ ಗುಲಾಬಿ ಗೋಪುರವೆಂಬ ಕಲಿಕೆಯ ಆಟಿಕೆಯ 10 ಘನಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ, ಅವನಿಗಿಂತ ದೊಡ್ಡ ಹುಡುಗಿಯೊಬ್ಬಳ ಪಕ್ಕದಲ್ಲಿ ಅವನನ್ನು ಕೂರಿಸಿ, ನನ್ನತ್ತ ಒಂದು ಕುರ್ಚಿಯನ್ನು ಸರಿಸಿದಿರಿ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಆಗ ಸಡಿಲವಾಯಿತು. ಹೊರಡುವಾಗ ತಮ್ಮ ಹೆಸರು ಕೇಳುವುದನ್ನು ಮರೆತೆ. ಈ ಕೃತಜ್ಞತೆ ತಮ್ಮನ್ನು ತಲುಪಲಿ.